ಸಿರ್ಕಾದ ಚಾಚಿಯ ಮೂಗು

ಚಡಚಣದ ಹಳೆ ಪೇಟೆಯ ಹಿಂದಿನ ಓಣಿಗೆ ಹೋಗಿ ಶಮ್ಶುನ್ನೀಸಾ ಅವರ ಮನೆ ಎಲ್ಲಿ ಎಂದು ಕೇಳಿದರೆ ಜನ ನಿಮ್ಮ ಮುಖ ನೋಡುತ್ತಾರೆ. ಆ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಸಿರ್ಕಾದ ಚಾಚಿ ಎನ್ನಿ, ಅಷ್ಟು ಸಾಕು. ಮನೆ ತೋರಿಸುವುದಷ್ಟೇ ಅಲ್ಲ, ಬಾಗಿಲ ತನಕ ಜೊತೆಗೆ ಬಂದು, ಹೆಂಗೂ ಬಂದೇನಲ್ಲ ನನ್ನದೂ ಒಂದು ಮಾತು ಕೇಳಿ ಹೋಗ್ತೇನಿ ಎಂದು ನಿಮಗಿಂತ ಮುಂಚೆ ಅವರೇ ಒಳಗೆ ಹೊಕ್ಕು ಕೂಡುತ್ತಾರೆ.

ಸಿರ್ಕಾ ಎಂದರೆ ಅಂಗಡಿಯಲ್ಲಿ ವಿನೆಗರ್ ಎಂದು ಬಾಟಲಿಯಲ್ಲಿ ಮಾರುತ್ತಾರಲ್ಲ, ಅದೇ ಹುಳಿನೀರು. ಚಾಚಿಯದು ಮಾತ್ರ ಅಂಗಡಿಯದಲ್ಲ, ದ್ರಾಕ್ಷಿಯಿಂದ ಮನೆಯಲ್ಲೇ ಇಳಿಸಿದ್ದು. ಆಕೆಯ ಗಂಡ ಚಾಂದಸಾಬ ಒಣದ್ರಾಕ್ಷಿ ಮಾಡುವ ಶೆಡ್ಡಿನಲ್ಲಿ ದುಡಿಯುತ್ತಾನೆ. ಹಂಗಾಮಿನಲ್ಲಿ ಒಡೆದದ್ದು, ಸೋರಿದ್ದು, ಒಣಗಿಸಲು ಬಾರದ್ದು ಏನಿದೆಯೋ ಅದನ್ನು ಸಂಜೆ ಬುಟ್ಟಿ ತುಂಬಿ ತರುತ್ತಾನೆ. ಆ ಹಣ್ಣು ಬರಣಿ ಸೇರಿ, ತಿಂಗಳುಗಟ್ಟಲೆ ಹಿಂದಿನ ಕತ್ತಲ ಕೋಣೆಯಲ್ಲಿ ಕೂತು ಸಿರ್ಕಾ ಆಗುತ್ತದೆ. ಮದುವೆ ಊಟದ ಉಳ್ಳಾಗಡ್ಡಿ ನೆನೆಹಾಕುವುದಕ್ಕೆ, ಹಬ್ಬದ ಮಾಂಸ ಮೆತ್ತಗಾಗುವುದಕ್ಕೆ, ಮೊಣಕಾಲು ನೋವಿಗೆ ಸವರುವುದಕ್ಕೆ, ಓಣಿಯವರೆಲ್ಲ ಆ ಮನೆಗೇ ಬಾಟಲಿ ಹಿಡಿದುಕೊಂಡು ಬರುತ್ತಾರೆ.

ಒಯ್ದವರು ಒಯ್ದು ಸುಮ್ಮನಾಗಿದ್ದರೆ ಚಾಚಿಯದೇನೂ ತಕರಾರಿರಲಿಲ್ಲ. ಒಯ್ದ ಮೇಲೆ ಸುರುವಾಗುತ್ತದೆ ನೋಡಿ ಕಾಟ, ಅಂಗಡಿಯಿಂದ ತಂದದ್ದರ ಪಂಚಾಯ್ತಿಯೂ ಆಕೆಗೇ.

"ಚಾಚಿ, ಅಂಗಡಿ ಸಿರ್ಕಾದ ಬಾಟ್ಲಿ ಮ್ಯಾಲಿನ ತಾರೀಖ ಮುಗದೈತ್ರಿ, ಚೆಲ್ಲಲೇನು?"

"ತಾರೀಖ ಬರದವರಿಗೆ ಬರಿಯೂದು ಕೆಲಸ. ಮುಚ್ಚಳ ಬಿಗಿ ಐತೇನು? ಬಿಸಲಿಗೆ ಇಟ್ಟಿಲ್ಲಲ? ಹಂಗಾರ ಇಟ್ಕೋ, ಏನೂ ಆಗೂದಿಲ್ಲ."

"ತಳದಾಗ ಗಸಿ ಕುಂತೈತ್ರಿ."

"ಸೋಸ್ಕೋ."

"ಮ್ಯಾಲೆ ಲೋಳಿಯಂಥಾದ್ದು ಪೊರಿ ಕಟ್ಟೇತಿ. ಹುಳಾ ಆಗಾಕತ್ತಾವೇನ್ರಿ?"

"ಅದು ಸಿರ್ಕಾದ ತಾಯಿ. ಅದಿದ್ರನ ಸಿರ್ಕಾ ಜೀವಂತ ಐತಿ ಅಂತ ತಿಳಿ. ತಗದು ಬ್ಯಾರೆ ಇಡು, ಬಾಕಿದ್ದು ಬಳಸು."

"ಫ್ರಿಜ್‌ನ್ಯಾಗ ಇಡಬೇಕೇನ್ರಿ?"

ಫ್ರಿಜ್ಜಿನಲ್ಲಿ ನಿನ್ನ ತಲೆ ಇಡು ಎಂದು ಚಾಚಿಗೆ ಅನಿಸುತ್ತದೆ. ಅನ್ನುವುದಿಲ್ಲ. ಬೇಡವ್ವಾ ಎನ್ನುತ್ತಾಳೆ, ಒದ್ದೆ ಚಮಚ ಅದ್ದಬೇಡ, ಗಾಜಿನದೋ ಪಿಂಗಾಣಿಯದೋ ಬಿಟ್ಟು ಬೇರೆ ಪಾತ್ರೆಗೆ ಹಾಕಬೇಡ ಎನ್ನುತ್ತಾಳೆ. ಹೇಳಿದ್ದನ್ನೇ ಹೇಳಿ ಹೇಳಿ ದವಡೆ ನೋಯುತ್ತದೆ. ಬಸವನ ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನಿಂದ ಯಶೋಧಾ ಎಂಬಾಕೆ ಯಾರಿಂದಲೋ ನಂಬರ್ ಇಸಿದುಕೊಂಡು ಫೋನ್ ಮಾಡಿದ್ದಳು. ತಾಮ್ರದ ತಂಬಿಗೆಯ ನೀರು ಮೈಗೆ ಒಳ್ಳೆಯದು ಎಂದು ಕೇಳಿ, ನೀರೇ ಒಳ್ಳೆಯದಾದರೆ ಸಿರ್ಕಾ ಇನ್ನೆಷ್ಟು ಒಳ್ಳೆಯದಿರಬೇಡ ಎಂದು ತಂಬಿಗೆ ತುಂಬಿ ಇಟ್ಟಿದ್ದಳಂತೆ, ಹಸಿರಾಗಿ ಕೂತಿದೆಯಂತೆ, ಈಗ ಕುಡಿಯಬಹುದೇ ಎಂದು ಕೇಳಿದಳು. "ಕುಡದ್ರ ನನಗ ಮತ್ತ ಫೋನ್ ಮಾಡಾಕ ನೀ ಉಳಿಯೂದಿಲ್ಲವ್ವಾ" ಎಂದು ಚಾಚಿ ಫೋನ್ ಇಟ್ಟು ಗೋಡೆಗೆ ಒರಗಿ ಕೂತಳು. ಅವತ್ತು ಏಕೋ ನಗುವೂ ಬರಲಿಲ್ಲ.

ಚಾಚಿ ಹುಟ್ಟಿದ್ದು ಸಿಂದಗಿ ತಾಲೂಕಿನ ಮೋರಟಗಿಯಲ್ಲಿ. ಅಲ್ಲಿ ಜೋಳ ಗೊತ್ತು, ತೊಗರಿ ಗೊತ್ತು, ದ್ರಾಕ್ಷಿ ಎಂದರೆ ಸಂತೆಯಲ್ಲಿ ಕಂಡದ್ದು. ಚಡಚಣಕ್ಕೆ ಸೊಸೆಯಾಗಿ ಬಂದ ಮೇಲೆಯೇ ಬರಣಿಗಳ ಸಹವಾಸವಾದದ್ದು. ಕಲಿಸಿದವಳು ಅತ್ತೆ ಸುಲ್ತಾನಬಿ, ಕಟ್ಟುನಿಟ್ಟಿನ ಹೆಂಗಸು. ಆಕೆಯ ಮನೆಯಲ್ಲಿ ಸಿರ್ಕಾಕ್ಕೆ ಒಂದು ರಿವಾಜಿತ್ತು. ದ್ರಾಕ್ಷಿಯ ರಸ ಸಿರ್ಕಾ ಆಗಬೇಕಾದರೆ ನಡುವೆ ಒಂದು ಊರು ಹಾದು ಹೋಗಬೇಕು. ಆ ಊರು ಹೆಂಡ. ಅದನ್ನು ತಪ್ಪಿಸಿ ಹೋಗಲು ಬೇರೆ ದಾರಿಯಿಲ್ಲ. ರಸ ಆ ಊರಿನಲ್ಲಿ ಇರುವ ತನಕ ಆ ಬರಣಿ ಮನೆಯ ಪಾಲಿಗೆ ನಾಪಾಕ್, ಮೈಲಿಗೆ. ಅದಕ್ಕೆ ಸೌಟು ಅದ್ದುವಂತಿಲ್ಲ, ಬೆರಳು ತಾಕಿಸುವಂತಿಲ್ಲ, ನಾಲಿಗೆಗಂತೂ ಮುಟ್ಟಿಸುವ ಮಾತೇ ಇಲ್ಲ. ಬಾಯಿಗೆ ತೆಳ್ಳನೆಯ ಕೆಂಪು ಬಟ್ಟೆ ಕಟ್ಟಿ ಬಿಡಬೇಕು. ಬಟ್ಟೆ ತೆಳ್ಳಗಿರಬೇಕು, ಏಕೆಂದರೆ ದಾರಿಯಲ್ಲಿರುವ ಬರಣಿಗೆ ಗಾಳಿ ಬೇಕು, ಗಾಳಿಯಿಲ್ಲದಿದ್ದರೆ ಅದು ಆ ಹೆಂಡದೂರಿನಲ್ಲೇ ಮನೆ ಮಾಡಿ ಕೂತುಬಿಡುತ್ತದೆ. ಬಿಗಿ ಮುಚ್ಚಳ ಹಾಕುವುದು ಸಿರ್ಕಾ ಆದ ಮೇಲೆ.

ಆಗಿದೆಯೋ ಇಲ್ಲವೋ ಹೇಳುವವರು ಯಾರು? ನಾಲಿಗೆ ಮುಟ್ಟಿಸುವಂತಿಲ್ಲವಾದ್ದರಿಂದ ಮೂಗೇ ಹೇಳಬೇಕು. ಅದೂ ಎಲ್ಲರ ಮೂಗಲ್ಲ, ಮನೆಯ ಹಿರಿ ಹೆಂಗಸಿನ ಮೂಗು. ಆಕೆ ಕೆಂಪು ಬಟ್ಟೆಯ ಮೇಲೆ ಬಾಗಿ ಮೂಸಿ, ಆಗೇತಿ ಎಂದರೆ ಬಿಸ್ಮಿಲ್ಲಾ ಹೇಳಿ ಬಟ್ಟೆ ಬಿಚ್ಚುವುದು. ಅಲ್ಲಿಯ ತನಕ ಮನೆಯ ಗಂಡಸರು ಆ ಕೋಣೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಸುಲ್ತಾನಬಿ ಸೊಸೆಯ ಮೂಗನ್ನು ಹಲವು ಹಂಗಾಮು ಪರೀಕ್ಷೆ ಮಾಡಿ, ಬೈದು, ಕೊನೆಗೊಮ್ಮೆ, "ಇನ್ನ ಮ್ಯಾಲೆ ನೀನs ನೋಡು" ಎಂದಳು. ಅವತ್ತಿನಿಂದ ಶಮ್ಶುನ್ನೀಸಾ ಆಗೇತಿ ಎಂದರೆ ಆಯಿತು. ಮಸೀದಿಯ ಹಿರಿಯರ ಮನೆಗೂ ಅದೇ ಮಾತಿನ ಮೇಲೆ ಸಿರ್ಕಾ ಹೋಗುತ್ತಿತ್ತು. ಯಾರೂ ಎರಡನೆಯ ಸಲ ಮೂಸಿ ನೋಡಲಿಲ್ಲ.

ಆ ಮೂಗು ಸತ್ತು ಈಗ ನಾಲ್ಕಾರು ವರ್ಷವಾಯಿತು.

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಕೊರೊನಾ ಕಾಲದಲ್ಲಿ ಚಾಚಿಗೂ ಜ್ವರ ಬಂತು. ಜ್ವರ ಇಳಿಯಿತು, ವಾಸನೆ ಹೋಯಿತು. ಆಗ ಅದೇನು ದೊಡ್ಡ ಮಾತಾಗಿರಲಿಲ್ಲ, ಓಣಿಯಲ್ಲಿ ಅರ್ಧ ಜನಕ್ಕೆ ಹೋಗಿತ್ತು. ಹೋದವರಿಗೆಲ್ಲ ತಿರುಗಿ ಬಂತು. ಒಬ್ಬೊಬ್ಬರೇ ಬಂದು, ಚಾಚಿ ನನಗ ಕೊಬ್ರಿ ಎಣ್ಣಿ ವಾಸನಿ ಬಂತ್ರಿ, ನನಗ ಚಹಾದ್ದು ಬಂತ್ರಿ ಎಂದು ಹೇಳಿ ಹೋಗುವರು. ನಿಮಗ ಬಂತೇನ್ರಿ ಎಂದು ಕೇಳುವರು. ಮೊದಮೊದಲು ಇನ್ನೂ ಇಲ್ಲವ್ವಾ ಎನ್ನುತ್ತಿದ್ದಳು. ಆಗ ಜನ ಬಾಯಿಗೆ ಬಂದ ಔಷಧ ಹೇಳುತ್ತಿದ್ದರು, ಓಂಕಾಳು ಸುಟ್ಟು ಮೂಸು, ಬೆಳ್ಳುಳ್ಳಿ ಅರೆದು ಹಚ್ಚು ಎಂದು. ಎಲ್ಲ ಮಾಡಿ ಸಾಕಾಗಿ ಒಂದು ದಿನ, "ಹೂಂ, ಬಂತು" ಎಂದುಬಿಟ್ಟಳು. ಸುಳ್ಳು ಹೇಳಬೇಕೆಂದಲ್ಲ. ಕೇಳುವವರ ಬಾಯಿ ಮುಚ್ಚಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಬೇಕಿತ್ತು, ಅಷ್ಟೆ. ಆದರೆ ಒಮ್ಮೆ ಬಂತು ಎಂದ ಮೇಲೆ ಬಂದಿಲ್ಲ ಎನ್ನುವುದು ಹೇಗೆ? ಆ ಮಾತು ಅಲ್ಲೇ ಉಳಿಯಿತು.

ವಾಸನೆಯಿಲ್ಲದ ಸಂಸಾರ ಹೇಗಿರುತ್ತದೆಂದು ಇದ್ದವರಿಗೆ ತಿಳಿಯುವುದಿಲ್ಲ. ಹಾಲು ಹೊತ್ತಿದ್ದು ಹೊಗೆ ಎದ್ದ ಮೇಲೆ ಗೊತ್ತಾಗುತ್ತದೆ. ಗ್ಯಾಸಿನ ಕಿವಿ ತಿರುಗಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ಹೋಗಿ ಮುಟ್ಟಿ ನೋಡಬೇಕು. ಮಳೆ ಬಿದ್ದರೆ ಮೈ ತಣ್ಣಗಾಗುತ್ತದೆಯೇ ಹೊರತು ಮತ್ತೇನೂ ಆಗುವುದಿಲ್ಲ. ಚಾಚಿ ಮೊದಲೇ ಹೆಚ್ಚು ಮಾತಿನವಳಲ್ಲ. ಈಗ ಇನ್ನೂ ಕಡಿಮೆಯಾಯಿತು. ವಯಸ್ಸಾಯಿತು, ದಣಿದಾಳ ಎಂದು ಮನೆಯವರು ತಿಳಿದರು. ದಣಿದದ್ದು ನಿಜ.

ಬರಣಿಗಳ ಗತಿ? ಮೊದಲ ವರ್ಷ ಹಳೆಯ ಸಿರ್ಕಾ ಸಾಕಷ್ಟಿತ್ತು. ಸಿರ್ಕಾಕ್ಕೆ ಅದೊಂದು ಒಳ್ಳೆಯ ಗುಣ, ಬಿಗಿ ಮುಚ್ಚಿ ನೆರಳಲ್ಲಿಟ್ಟರೆ ಮನುಷ್ಯರಿಗಿಂತ ಹೆಚ್ಚು ತಾಳುತ್ತದೆ. ಅದು ಮುಗಿಯುತ್ತ ಬಂದಾಗ ಚಾಚಿ ಒಂದು ಉಪಾಯ ಕಂಡುಕೊಂಡಳು. ಮೂಗು ಹೇಳದ್ದನ್ನು ಕಾಲ ಹೇಳಲಿ ಎಂದಳು. ಮೊದಲು ಎಷ್ಟು ತಿಂಗಳಿಗೆ ಬಿಚ್ಚುತ್ತಿದ್ದಳೋ ಅದರ ಎರಡರಷ್ಟು ಇಟ್ಟಳು. ತೆಳ್ಳನೆಯ ಬಟ್ಟೆ, ಬೇಕಾದಷ್ಟು ಗಾಳಿ, ಬೇಕಾದಷ್ಟು ದಿನ, ಇಷ್ಟಿದ್ದರೆ ಯಾವ ರಸವೂ ಆ ಹೆಂಡದೂರಿನಲ್ಲಿ ಉಳಿಯುವುದಿಲ್ಲ. ಅದೇ ಧೈರ್ಯ. ಬಟ್ಟೆಯ ಮೇಲೆ ಬಾಗುವುದನ್ನು ಮಾತ್ರ ಬಿಡಲಿಲ್ಲ. ಬಾಗಿ, ಕಣ್ಣು ಮುಚ್ಚಿ, ಉಸಿರೆಳೆದು, ಆಗೇತಿ ಎನ್ನುವಳು. ನಾಟಕ ಎನ್ನಿ ಬೇಕಾದರೆ. ಹಾಗೆಂದವರು ಆಕೆಯ ಜಾಗದಲ್ಲಿ ಒಂದು ದಿನ ಕೂತು ನೋಡಲಿ ಎನ್ನುತ್ತೇನೆ ನಾನು.

ಈ ವರ್ಷದ ಮಾತಿಗೆ ಬರೋಣ. ಚಾಚಿಯ ತಮ್ಮ ಜೈನುದ್ದೀನ, ಅಕ್ಕನನ್ನು ಆಪಾ ಎಂದು ಕರೆಯುವವನು, ಸಿಂದಗಿಯಲ್ಲಿ ಬಳೆ ಅಂಗಡಿ ಇಟ್ಟಿದ್ದಾನೆ. ಅವನ ಮಗಳು ನಾಜಿಮಾಳ ಮದುವೆ ದೀಪಾವಳಿ ಕಳೆದ ಮೇಲೆ ಎಂದು ನಿಶ್ಚಯವಾಯಿತು. ಊಟದಲ್ಲಿ ಏನಿರುತ್ತದೋ ಬಿಡುತ್ತದೋ, ನಮ್ಮ ಆಪಾನ ಸಿರ್ಕಾದಾಗ ನೆನೆಸಿದ ಉಳ್ಳಾಗಡ್ಡಿ ಇರಲೇಬೇಕು ಎಂದು ಅವನು ಸಿಂದಗಿಯ ತುಂಬ ಹೇಳಿಕೊಂಡು ತಿರುಗಿದ್ದ. ಮನೆಯಲ್ಲಿ ಹಳೆಯದು ಒಂದು ಹನಿ ಇರಲಿಲ್ಲ, ಕೇಳಿದವರಿಗೆಲ್ಲ ಕೊಟ್ಟು ಮುಗಿದಿತ್ತು. ಇದ್ದದ್ದು ಈ ಹಂಗಾಮಿನಲ್ಲಿ ಹಾಕಿದ ಒಂದೇ ದೊಡ್ಡ ಬರಣಿ. ಅಕಾಲಕ್ಕೆ ಮಳೆ ಬಿದ್ದು ಹಣ್ಣು ಮಾಗುವ ಮೊದಲೇ ಒಡೆದ ವರ್ಷ ಅದು. ಹಣ್ಣೇ ಹುಳಿ ಹುಳಿ ಇತ್ತು. ಆದರೂ ಹಾಕಿ ಬಹಳ ದಿನವಾಗಿತ್ತಲ್ಲ, ಬೇಸಿಗೆ ಹೋಗಿ ಮಳೆಗಾಲ ಹೋಗಿ ಚಳಿ ಬಂದಿತ್ತು. ಚಾಚಿ ಲೆಕ್ಕ ಹಾಕಿ ನಿಶ್ಚಿಂತಳಾದಳು.

ಮದುವೆಗೆ ಎರಡು ದಿನ ಇರುವಾಗ ಕೋಣೆಗೆ ಹೋಗಿ ಬರಣಿಯ ದಾರ ಬಿಚ್ಚಿದಳು. ಕೋಣೆಯಲ್ಲಿ ಬೆಳಕು ಕಡಿಮೆ. ಹೊರಗೆ ಮಗ ಯುನೂಸ ಗಾಡಿ ನಿಲ್ಲಿಸಿಕೊಂಡು, ಲಗು ಮಾಡಮ್ಮಿ ಎಂದು ಹಾರ್ನ್ ಹೊಡೆಯುತ್ತಿದ್ದ. ಸೊಸೆ ನಿಷತ ಬಾಣಂತನಕ್ಕೆಂದು ತವರೂರು ಮುದ್ದೇಬಿಹಾಳಕ್ಕೆ ಹೋಗಿದ್ದಳು, ಹಾಗಾಗಿ ಕೈಗೆ ಕೈ ಕೊಡುವವರಿರಲಿಲ್ಲ. ಚಾಚಿ ಬಟ್ಟೆಯನ್ನು ದಾರದ ಸಮೇತ ಎಳೆದು ಮೂಲೆಗೆ ಬಿಸುಟು ಬಾಗಿದಳು. ನೋಡುವವರು ಯಾರೂ ಇರಲಿಲ್ಲ, ಆದರೂ ಮೂಸಿದಳು. ಎಂದಿನ ಹಾಗೆ ಏನೂ ಇಲ್ಲ. ರಸ ಮಿಸುಕದೆ ತಿಳಿಯಾಗಿ ನಿಂತಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ಮೇಲೆ ಲೋಳೆಯ ಪೊರೆ ಇರಬೇಕಿತ್ತು, ಇರಲಿಲ್ಲ. ಒಮ್ಮೊಮ್ಮೆ ತಳಕ್ಕೆ ಇಳಿದಿರುತ್ತದೆ ಎಂದುಕೊಂಡಳು. ಬಗ್ಗಿ ನೋಡುವಷ್ಟು ಸೊಂಟದಲ್ಲಿ ಶಕ್ತಿಯಿರಲಿಲ್ಲ. ಬಿಸ್ಮಿಲ್ಲಾ ಎಂದು ಚಮಚದ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡಳು. ಹುಳಿ ಸಿಕ್ಕಿತು. ಸಾಕು ಎಂದಳು.

ಚಾಂದಸಾಬ ಕ್ಯಾನಿಗೆ ಸುರಿಯಲು ಕೈ ಹಚ್ಚಿದ. ಅವನ ಮೂಗನ್ನು ಕೇಳಬೇಡಿ. ಒಣದ್ರಾಕ್ಷಿ ಬಣ್ಣ ಕೆಡಬಾರದೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಆ ಹೊಗೆಯಲ್ಲೇ ಆಯುಷ್ಯ ಕಳೆದವನಿಗೆ ಗುಲಾಬಿಯೂ ಒಂದೇ, ಗೊಬ್ಬರವೂ ಒಂದೇ. ಯುನೂಸ ಬಿಗಿ ಮುಚ್ಚಿದ ಕ್ಯಾನು ಏರಿಸಿಕೊಂಡು ಇಂಡಿ ಪಟ್ಟಣದ ಮೇಲೆ ಹಾದು ಸಿಂದಗಿಗೆ ಹೊರಟುಹೋದ.

ಮರುದಿನ ಬೆಳಿಗ್ಗೆ ಚಾಚಿ ಸಿಂದಗಿಗೆ ಹೊರಡುವ ಮುನ್ನ ಬಟ್ಟೆ ತೊಳೆಯಲು ಕೂತಳು. ಮೂಲೆಯಲ್ಲಿ ಬಿದ್ದಿದ್ದ ಕೆಂಪು ಬಟ್ಟೆ ಎತ್ತಿದರೆ ಅದರ ಒಳಮೈಗೆ ಏನೋ ಅಂಟಿಕೊಂಡಿತ್ತು. ಬಿಡಿಸಿದಳು. ಪ್ಲಾಸ್ಟಿಕ್ ಹಾಳೆ. ಅಂಗಡಿಯ ದಪ್ಪ ಚೀಲ ಕತ್ತರಿಸಿ, ಬರಣಿಯ ಬಾಯಿಗೆ ಸರಿಯಾಗಿ ಮಡಿಸಿ, ಸುತ್ತ ರಬ್ಬರ್ ಹಾಕಿ, ಅದರ ಮೇಲೆ ಬಟ್ಟೆ ಬಿಗಿದಿತ್ತು. ರಬ್ಬರ್ ಒಣಗಿ ಹರಿದು ಬಟ್ಟೆಗೇ ಮೆತ್ತಿಕೊಂಡಿತ್ತು.

ಕೆಲಸ ಯಾರದೆಂದು ಕೇಳುವುದೇ ಬೇಡವಾಗಿತ್ತು. ಅಷ್ಟು ಚಂದ ಮಡಿಕೆ ನಿಷತಳದ್ದೇ. ಬೇಸಿಗೆಯಲ್ಲಿ ಗುಳ್ಳೆ ನಿಂತ ಮೇಲೆ ಗುಂಗಾಡು ನೊಣ ಮುತ್ತುತ್ತವೆ ಎಂದು ಆ ಹುಡುಗಿ ಗೊಣಗಿದ್ದು ನೆನಪಾಯಿತು. ಪಾಪ, ಮನೆಗೆ ಬಂದಾಗಿನಿಂದ ಆಕೆ ದಿನವೂ ಕೇಳಿದ್ದೇನು? ಬಾಗಿಲಿಗೆ ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದದ್ದು ಒಂದೇ: ಗಾಳಿ ಹೋಗಬಾರದು, ಮುಚ್ಚಳ ಬಿಗಿ ಹಾಕು, ಬಿಗಿ ಹಾಕು. ಅದು ಸಿರ್ಕಾ ಆದ ಮೇಲಿನ ಮಾತು ಎಂದು ಅತ್ತೆ ಯಾವತ್ತೂ ಸೊಸೆಯನ್ನು ಕೂರಿಸಿಕೊಂಡು ಹೇಳಲಿಲ್ಲ. ಹೇಳಬೇಕು ಎಂದುಕೊಳ್ಳುವಳು, ಅಷ್ಟರಲ್ಲಿ ಯಾರೋ ಬಾಟಲಿ ಹಿಡಿದು ಬರುವರು, ಆಮೇಲೆ ಮಾತಾಡಲು ಉಸಿರೇ ಇರುತ್ತಿರಲಿಲ್ಲ.

ಗಾಳಿಯಿಲ್ಲದೆ ಎಷ್ಟು ತಿಂಗಳು ಇಟ್ಟರೇನು? ರಸ ಹೆಂಡದೂರನ್ನು ದಾಟೇ ಇಲ್ಲ. ಪೊರೆ ಏಕಿರಲಿಲ್ಲ ಎಂದು ಈಗ ತಿಳಿಯಿತು. ನಿನ್ನೆ ಗುಳ್ಳೆಯಿಲ್ಲದೆ ತಿಳಿಯಾಗಿ ನಿಂತಿದ್ದು ಸಿರ್ಕಾ ಅಲ್ಲ, ನಾಲಿಗೆಗೆ ಸಿಕ್ಕ ಹುಳಿ ಮಾಗದ ಹಣ್ಣಿನದು. ಅದನ್ನು ನಾಲಿಗೆಗೆ ಹಚ್ಚಿಕೊಂಡದ್ದೂ ನೆನಪಾಗಿ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿದಳು. ತನ್ನದೇನೋ ತೊಳೆದುಕೊಂಡಾಯಿತು. ಸಿಂದಗಿಯಲ್ಲಿ ನಾಳೆ ಊಟಕ್ಕೆ ಕೂಡುವವರು? ಹುಟ್ಟಿದಾಗಿನಿಂದ ಹೆಂಡದ ಹನಿ ಮುಟ್ಟದ ಮುದುಕರು, ಹಜ್ಜಿಗೆ ಹೋಗಿ ಬಂದವರು, ಬೀಗರು, ಮದುಮಗಳು, ಎಲ್ಲರೂ ಶಮ್ಶುನ್ನೀಸಾ ಆಗೇತಿ ಎಂದಳೆಂಬ ಒಂದೇ ಮಾತಿನ ಮೇಲೆ ತಿನ್ನುವವರು.

ಆದರೂ ಮನಸ್ಸು ಒಂದು ಎಳೆ ಹಿಡಿದುಕೊಂಡಿತು. ಒಂದು ವೇಳೆ ಎಲ್ಲೋ ಸಂದಿಯಿಂದ ಗಾಳಿ ಆಡಿದ್ದರೆ? ಒಂದು ವೇಳೆ ಆಗಿದ್ದರೆ? ಬರಣಿಯ ತಳದಲ್ಲಿ ಇನ್ನೂ ಒಂದು ಬೊಗಸೆ ಉಳಿದಿತ್ತು. ಮೂಸಿ ಹೇಳುವವರು ಬೇಕು. ಚಾಂದಸಾಬನ ಮೂಗಿನ ಕಥೆ ಆಯಿತು. ಓಣಿಯ ತನ್ನ ಜನರನ್ನು ಕೇಳುವಂತಿರಲಿಲ್ಲ. ಕೇಳಿದರೂ ಅವರಿಗೆ ಹೆಂಡದ ವಾಸನೆಯ ಗುರುತಾದರೂ ಎಲ್ಲಿಂದ? ಚಾಚಿ ಗಾಜಿನ ಲೋಟದಲ್ಲಿ ಅದನ್ನು ಬಗ್ಗಿಸಿಕೊಂಡು ಸೆರಗಿನಲ್ಲಿ ಮುಚ್ಚಿ ಪಕ್ಕದ ಮನೆ ಸುಂದರವ್ವನ ಕಟ್ಟೆಗೆ ಹೋದಳು.

ಸುಂದರವ್ವ ಒಬ್ಬಂಟಿ ಹೆಂಗಸು, ಚಾಚಿಯ ವಾರಿಗೆಯವಳೇ. ಆಕೆಯ ಗಂಡ ಯಂಕಪ್ಪ ಕುಡಿದು ಕುಡಿದು ತೀರಿಕೊಂಡು ಬಹಳ ದಿನವಾಗಿತ್ತು. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಇದನ್ನಷ್ಟು ಮೂಸಿ ನೋಡವಾ, ಸಿರ್ಕಾ ಆಗೇತೇನು ಹೇಳು" ಎಂದಳು ಚಾಚಿ.

"ನನ್ನ ಕೇಳ್ತೀಯಲ್ಲ! ನಿನ್ನ ಮೂಗಿಗೆ ಏನಾಗೇತಿ?"

"ನೆಗಡಿ ಆಗೇತಿ."

ಸುಂದರವ್ವ ಲೋಟ ಇಸಿದುಕೊಂಡು ಮೂಗಿನ ಹತ್ತಿರ ತಂದಳು. ತಂದವಳೇ ಕೆಳಗಿಟ್ಟಳು. ಕೈಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಏನೂ ಚೆಲ್ಲಿರಲಿಲ್ಲ.

"ಹುಳಿ ಮಾತು ದೂರ ಉಳೀತು. ಇದು ಯಂಕಪ್ಪ" ಎಂದಳು.

"ಯಂಕಪ್ಪ ಅಂದ್ರ?" ಎಂದಳು ಚಾಚಿ.

"ದಿನಾ ಸಂಜಿ ಬಾಗಲ್ದಾಗ ನಿಂತು ಮೂಸತಿದ್ದೆ ನೋಡು. ದೂರಿಂದs ಹೇಳತಿದ್ದೆ, ಇವತ್ತ ಎಷ್ಟ ಕುಡದಾನ, ಬಡಿತಾನೋ ಸುಮ್ನ ಬೀಳ್ತಾನೋ ಅಂತ. ಮಕ್ಕಳನ್ನ ಹಿತ್ತಲಕ್ಕ ಕಳಸಬೇಕೋ ಬ್ಯಾಡೋ ಅನ್ನೂದು ನನ್ನ ಮೂಗಿನ ಮ್ಯಾಲೆ ಇತ್ತು. ನನಗ ತಪ್ಪೂದಿಲ್ಲ. ಎಲ್ಲಿಂದ ಬಂತಿದು ನಿಮ್ಮ ಮನಿಯಾಗ?"

ಎಳೆ ಹರಿಯಿತು. ಚಾಚಿ ಕಟ್ಟೆಯ ಮೇಲೆಯೇ ಕೂತು, ಪ್ಲಾಸ್ಟಿಕ್ ಹಾಳೆಯಿಂದ ಹಿಡಿದು ಕ್ಯಾನು ಸಿಂದಗಿಗೆ ಹೋದ ತನಕ ಎಲ್ಲ ಹೇಳಿದಳು. ಮೂಗಿನ ಮಾತೊಂದನ್ನು ಹೇಳಲಿಲ್ಲ. ಸುಂದರವ್ವ ವ್ಯವಹಾರದವಳು.

"ಅದಕ್ಯಾಕ ಇಷ್ಟ ಮಾರಿ ಸಣ್ಣ ಮಾಡ್ಕೊಂಡು ಕುಂತಿ? ಫೋನ್ ಮಾಡು. ಹಲ್ಲಿ ಬಿದ್ದಿತ್ತು, ಚೆಲ್ಲಿಬಿಡು ಅನ್ನು. ಮುಗೀತು. ಹಲ್ಲಿಗೇನ್ ಮಾತ ಬರ್ತಾವೇನು, ಅಲ್ಲ ಅನ್ನಾಕ?"

ಚಾಚಿಗೆ ಹೋದ ಜೀವ ಬಂದಂತಾಯಿತು. ಹೌದಲ್ಲ, ಹಲ್ಲಿ. ಯಾರಿಗೂ ನೋವಿಲ್ಲ, ಸೊಸೆಗೂ ಮಾತಿಲ್ಲ, ತನ್ನ ಮಾನವೂ ಉಳಿಯುತ್ತದೆ. ಅಲ್ಲೇ ಕೂತು ತಮ್ಮನಿಗೆ ಫೋನ್ ಹಚ್ಚಿದಳು. ಆ ಕಡೆ ಮದುವೆ ಮನೆಯ ಗದ್ದಲ, ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಕೂಗುತ್ತಿದ್ದರು.

"ಜೈನು, ಆ ಸಿರ್ಕಾ ಬಳಸಬ್ಯಾಡ. ಚೆಲ್ಲಿಬಿಡು. ಬರಣಿ ತೊಳಿಯಾಗ ನೋಡ್ತೇನಿ, ತಳದಾಗ ಹಲ್ಲಿ ಬಿದ್ದಿತ್ತು."

ಜೈನುದ್ದೀನ ಗಹಗಹಿಸಿ ನಕ್ಕ. "ಏ ಆಪಾ, ನಿನಗ ದಣಿವಾಗೇತಿ, ಮಲಕ್ಕೋ ಹೋಗು. ಹಲ್ಲಿ ಬಿದ್ರ ನಿನ್ನ ಮೂಗು ಬಿಡ್ತಿತ್ತೇನು? ಬಟ್ಟಿ ಬಿಚ್ಚೂಕಿಂತ ಮೊದಲs ಹೇಳತಿದ್ದಿ."

"ಇಲ್ಲೋ, ಕಣ್ಣಿಲೆ ನೋಡೇನಿ."

"ಆಮ್ಯಾಲೆ ಬಿದ್ದಿರಬೇಕು, ಖಾಲಿ ಬರಣಿಯಾಗ. ಕೇಳಿಲ್ಲಿ, ಈಗ ಅಡಗಿ ಚಮನಸಾಬನೂ ಹಿಂಗs ಅನ್ನಾಕತ್ತಿದ್ದ. ಉಳ್ಳಾಗಡ್ಡಿ ಹಾಕಿ, ಸಾಹೇಬ್ರ ಇದರ ಘಾಟ ಬ್ಯಾರೆ ಐತ್ರಿ ಅಂದ. ನಾ ಬಿಡ್ತೇನೇನು? ನಮ್ಮ ಆಪಾನ ಮೂಗಿಗಿಂತ ನಿಂದೇನ್ ದೊಡ್ಡದೇನೋ ಅಂದೆ. ಎಲ್ಲಾರ ಮುಂದ ಅಂದೆ. ಬಾಯಿ ಮುಚ್ಕೊಂಡ ಕೆಲಸಕ್ಕ ಹೋದ. ನೀ ಚಿಂತಿ ಬಿಡು, ಸಂಜೀಕ ಬಾ."

ಚಾಚಿ ಇನ್ನೊಮ್ಮೆ ಹಲ್ಲಿಯನ್ನು ಎತ್ತಿದಳು. ಅವನು ಇನ್ನೊಮ್ಮೆ ನಕ್ಕ. ಆಗ ಆಕೆಗೆ ತಿಳಿಯಿತು, ಯಾವ ಸುಳ್ಳು ಹೇಳಿದರೂ ಇವನು ಚೆಲ್ಲುವುದಿಲ್ಲ. ಆಪಾ ಮೂಸಿ ಕಳಿಸಿದ್ದಾಳೆ ಎಂಬ ಒಂದು ನಂಬಿಕೆಯ ಮುಂದೆ ಹಲ್ಲಿ ಏನು, ಹಾವು ಬಿದ್ದಿತ್ತೆಂದರೂ ನಡೆಯದು. ಆ ನಂಬಿಕೆಯನ್ನೇ ಮುರಿಯಬೇಕು. ಆಕೆಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಬಹಳ ದೂರದಿಂದ ಹೊತ್ತು ತಂದ ಹೊರೆಯನ್ನು ಇನ್ನು ಆಗುವುದಿಲ್ಲ ಎಂದು ಇಳಿಸುವಾಗ ಆಗುವಂಥ ಒಂದು ಆಯಾಸವಾಯಿತು, ಅಷ್ಟೆ.

"ಜೈನು, ನಗಬ್ಯಾಡ, ಕೇಳು. ನಾ ಮೂಸಿ ಕಳಿಸಿಲ್ಲ. ನನಗ ವಾಸನಿ ಬರೂದಿಲ್ಲ."

"ಅಂದ್ರ?"

"ಅಂದ್ರ ಬರೂದಿಲ್ಲ. ಆ ಜ್ವರಾ ಬಂದಾಗಿಂದ ಬರೂದಿಲ್ಲ. ಬಂತು ಅಂತ ಸುಳ್ಳ ಹೇಳಿದ್ದೆ. ಆ ಕ್ಯಾನಿನಾಗ ಇರೂದು ಸಿರ್ಕಾ ಅಲ್ಲ. ಹೆಂಡ ಐತಿ. ಮಗಳ ಮದುವಿಯಾಗ ಮಂದಿಗೆ ಅದನ್ನ ತಿನಸಬ್ಯಾಡ."

ಶೇಂಗಾ ಸುಲಿಯುತ್ತಿದ್ದ ಸುಂದರವ್ವನ ಕೈ ನಿಂತಿತು. ಜೈನುದ್ದೀನ ದನಿ ತಗ್ಗಿಸಿ ಕೇಳಿದ.

"ಹೋದ ವರ್ಷ ರಮಜಾನ್ ಹಬ್ಬಕ್ಕ ಕಳಿಸಿದ್ದಿ."

"ಅದು ಆಗಿತ್ತು."

"ಹೆಂಗ ಹೇಳ್ತಿ?"

ಗಾಳಿಯಾಡುತ್ತಿತ್ತು, ಬಹಳ ದಿನ ಇಟ್ಟಿದ್ದೆ, ಪೊರೆ ಕಟ್ಟಿತ್ತು ಎಂದು ಹೇಳಬಹುದಿತ್ತು. ಎಲ್ಲ ನಿಜವೇ. ಆದರೆ ನಿನ್ನೆಯೂ ಆಕೆ ಇಂಥದೇ ಲೆಕ್ಕ ಹಾಕಿ ಕಳಿಸಿದ್ದಳು. ಇಷ್ಟು ವರ್ಷ ಊರ ಮಂದಿಯ ಪ್ರಶ್ನೆಗೆಲ್ಲ ಉತ್ತರ ಕೊಟ್ಟವಳಿಗೆ ತಮ್ಮನ ಈ ಒಂದು ಮಾತಿಗೆ ಉತ್ತರವಿರಲಿಲ್ಲ. ಅತ್ತೆ ಕೊಟ್ಟು ಹೋದದ್ದು ಅಲ್ಲಿಗೆ ಮುಗಿಯಿತು ಎಂದು ಆಕೆಗೆ ಗೊತ್ತಾಯಿತು. ಇನ್ನು ತಾನು ಆಗೇತಿ ಎಂದರೆ ಆದಂತಲ್ಲ.

ಜೈನುದ್ದೀನ ಫೋನು ಕಟ್ ಮಾಡದೆ ಹಾಗೇ ಹಿಡಿದುಕೊಂಡು ಹೋದನೆಂದು ಕಾಣುತ್ತದೆ, ಅವನು ಕೂಗಿದ್ದು ಕೇಳಿಸಿತು. "ಚಮನಸಾಬ, ಆ ಉಳ್ಳಾಗಡ್ಡಿ ಎಲ್ಲಾ ಚೆಲ್ಲು. ಎಲ್ಲಾ. ಬುಟ್ಟಿನೂ ತೊಳಸು." ಚಮನಸಾಬ, "ನಾ ಆಗs ಅಂದಿದ್ದೆ ಇಲ್ರಿ" ಎಂದದ್ದೂ ಕೇಳಿಸಿತು. ಯಾಕೆ, ಏನಾಯಿತು ಎಂದು ಹೆಂಗಸರ ದನಿಗಳು ಎದ್ದವು. ಚಾಚಿ ಕಣ್ಣು ಮುಚ್ಚಿಕೊಂಡಳು. ಈಗ ಹೇಳುತ್ತಾನೆ, ಎಲ್ಲರೆದುರು ಹೇಳುತ್ತಾನೆ, ಹೇಳಲಿ ಎಂದುಕೊಂಡಳು. "ಆಗಿಲ್ಲಂತ. ಆಪಾ ಫೋನ್ ಮಾಡ್ಯಾಳ" ಎಂದಷ್ಟೇ ಅಂದ ಅವನು. "ಲಿಂಬಿಹಣ್ಣ ತರಸ್ರಿ."

ಆಮೇಲೆ ಗದ್ದಲ ದೂರವಾಯಿತು. ಎಲ್ಲೋ ಬದಿಗೆ ಬಂದು ನಿಂತಿರಬೇಕು. ಬೈಯುತ್ತಾನೆ ಎಂದು ಚಾಚಿ ಕಾದಳು. ಬೈದರೆ ಸೈ ಎನಿಸುತ್ತಿತ್ತು.

"ಆಪಾ" ಎಂದ ಅವನು. "ಹಂಗಾದ್ರ ಇಷ್ಟ ದಿನಾ ಊಟಾ ಹೆಂಗ ಮಾಡ್ತಿದ್ದಿ?"

ವಾಸನೆ ಬಂತು ಎಂದು ಸುಳ್ಳು ಹೇಳಿದಾಗಿನಿಂದ ಇಲ್ಲಿಯ ತನಕ ಆ ಬಾಗಿಲಿಗೆ ಎಷ್ಟು ಮಂದಿ ಬಂದರು, ಎಷ್ಟು ಕೇಳಿದರು. ಬಾಟಲಿಯದು ಕೇಳಿದರು, ಗಸಿಯದು ಕೇಳಿದರು, ಪೊರೆಯದು ಕೇಳಿದರು. ಸಿರ್ಕಾ ಕೆಟ್ಟಿದೆಯೇ ಎಂದು ಎಲ್ಲರೂ ಕೇಳಿದರು. ನೀ ಹೇಗಿದ್ದೀ ಎಂದು ಕೇಳಿದವರಿಲ್ಲ.

"ಖಾರ ತಿಳೀತೈತಿ" ಎಂದಳು ಚಾಚಿ. "ಉಪ್ಪು ತಿಳೀತೈತಿ, ಹುಳಿ ತಿಳೀತೈತಿ. ಉಳದದ್ದೆಲ್ಲಾ ಒಂದs. ರೊಟ್ಟಿ ಅಷ್ಟs, ಮಾಂಸ ಅಷ್ಟs, ಹಬ್ಬದ ಊಟಾನೂ ಅಷ್ಟs. ಅಮ್ಮಿ ಮಾಡತಿದ್ದ ಅಡಗಿ ನೆನಸ್ಕೊಂಡು ನುಂಗತಿದ್ದೆ. ಈಗೀಗ ಅದೂ ನೆನಪಾಗವಲ್ದು ಜೈನು."

ಅಲ್ಲಿಗೆ ಆಕೆಯ ದನಿ ಒಡೆಯಿತು. ಜ್ವರದಲ್ಲಿ ಅತ್ತಿರಲಿಲ್ಲ, ವಾಸನೆ ಹೋದಾಗ ಅತ್ತಿರಲಿಲ್ಲ, ಪ್ಲಾಸ್ಟಿಕ್ ಹಾಳೆ ಕಂಡಾಗಲೂ ಅತ್ತಿರಲಿಲ್ಲ. ಈಗ ಸಣ್ಣ ಹುಡುಗಿಯ ಹಾಗೆ, ಓಣಿಯವರು ನೋಡಿಯಾರೆಂಬ ಖಬರೂ ಇಲ್ಲದೆ, ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಫೋನಿನಲ್ಲಿ ತಮ್ಮ ಆಪಾ, ಆಪಾ ಎನ್ನುತ್ತಲೇ ಇದ್ದ.

ಸುಂದರವ್ವ ಫೋನನ್ನು ಆಕೆಯ ಕೈಯಿಂದ ಬಿಡಿಸಿಕೊಂಡಳು. "ಅಳಾಕತ್ತಾಳ್ರಿ. ಅಳಲಿ ಬಿಡ್ರಿ. ಸಂಜೀಕ ನಾನs ಬಸ್ಸಿಗೆ ಹತ್ತಸ್ತೇನಿ" ಎಂದು ಹೇಳಿ ಇಟ್ಟಳು.